ಕಂಬ ಹಿಡಿಯದ ವೇದವತಿ

ವೇದವತಿಗೆ ಈ ಊರು ಒಂದು ಬಾಗಿಲು ಬಾಕಿ ಉಳಿಸಿಕೊಂಡಿದೆ. ಅರಮನೆಯ ಬಾಗಿಲೇನಲ್ಲ. ತಗಡಿನದಾದರೂ ನಡೆಯುತ್ತದೆ, ಒಳಗಿನಿಂದ ಚಿಲಕ ಬೀಳಬೇಕು, ಅಷ್ಟೇ.

ನಾಗಪುರದ ಲಕ್ಷ್ಮೀ ನಗರದ ಹಿಂಬದಿಗೆ ಒಂದು ಮೈದಾನವಿದೆ. ಅಲ್ಲಿ ವೇದವತಿ ಸಂಜೆ ಹೊತ್ತು ಹುಡುಗಿಯರಿಗೆ ಖೋ-ಖೋ ಕಲಿಸುತ್ತಾಳೆ. ಮೈದಾನದ ಮೂಲೆಯಲ್ಲಿ ಒಂದು ಸಂಡಾಸು. ಗೋಡೆ ಇದೆ, ಮೇಲೆ ತಗಡಿದೆ, ನಲ್ಲಿ ಇದೆ, ಅದಕ್ಕೆ ಮನಸ್ಸಾದಾಗ ನೀರೂ ಬರುತ್ತದೆ. ಬಾಗಿಲು ಒಂದು ಮಳೆಗಾಲದಲ್ಲಿ ಕಳಚಿ ಬಿತ್ತು, ಬಿದ್ದದ್ದನ್ನು ಯಾರೋ ಒಲೆಗೆ ಒಯ್ದರು. ಆಮೇಲೆ ಆ ವಾರ್ಡಿನ ಪುಢಾರಿ ಬಂದು, ಕಟ್ಟೆಯ ಮೇಲೆ ನಿಂತು, ಹುಡುಗಿಯರ ಮುಂದೆ ಮಾತು ಕೊಟ್ಟ. ದೀಪಾವಳಿಯೊಳಗೆ ಬಾಗಿಲು. ಯಾವ ವರ್ಷದ ದೀಪಾವಳಿ ಎಂದು ಹೇಳಲಿಲ್ಲ.

ಕಾಯುತ್ತ ಕೂರುವ ಹೆಂಗಸಲ್ಲ ವೇದವತಿ. ಪುಢಾರಿಯ ಹುಟ್ಟುಹಬ್ಬ ಮುಗಿದ ಮೇಲೆ ರಸ್ತೆಬದಿ ಜೋತುಬಿದ್ದಿದ್ದ ಅವನ ಫ್ಲೆಕ್ಸನ್ನು ಬಿಚ್ಚಿ ತಂದು, ಬಾಗಿಲಿದ್ದ ಜಾಗಕ್ಕೆ ತಂತಿಯಿಂದ ಬಿಗಿದಳು. ಮೊದಲ ದಿನ ಅವನ ಮುಖ ಒಳಗಡೆಗಾಗಿತ್ತು. ಹುಡುಗಿಯರು ನಕ್ಕು ನಕ್ಕು ಸುಸ್ತಾದರು, ಒಳಗೆ ಮಾತ್ರ ಯಾರೂ ಹೋಗಲಿಲ್ಲ.

"ತಾಈ, ಸಾಹೇಬ್ ಬಘತಾಯ್ತ್" ಎಂದಳು ಒಬ್ಬಳು. ಅಕ್ಕಾ, ಸಾಹೇಬರು ನೋಡ್ತಿದಾರೆ.

ವೇದವತಿ ತಂತಿ ಬಿಚ್ಚಿ ಸಾಹೇಬನ ಮುಖವನ್ನು ಹೊರಕ್ಕೆ ತಿರುಗಿಸಿದಳು. ಅಂದಿನಿಂದ ಎರಡೂ ಕೈ ಮುಗಿದುಕೊಂಡು, ಹಲ್ಲು ಬಿಟ್ಟುಕೊಂಡು, ಅವನು ಸಂಡಾಸಿನ ಕಾವಲಿಗೆ ನಿಂತ.

ಆದರೆ ಫ್ಲೆಕ್ಸಿಗೆ ಚಿಲಕವಿಲ್ಲ. ಗಾಳಿ ಬಂದರೆ ಹಾರುತ್ತದೆ. ಮುಟ್ಟಾದ ಹುಡುಗಿ ಪ್ಯಾಡ್ ಬದಲಿಸಲು ಹೋದರೆ ಇನ್ನೊಬ್ಬಳು ಹೊರಗೆ ಅದರ ಅಂಚು ಹಿಡಿದು ನಿಲ್ಲಬೇಕು. ಹೆಚ್ಚಾಗಿ ನಿಲ್ಲುವವಳು ವೇದವತಿಯೇ. ಬೆನ್ನು ಒಳಗೆ, ಮುಖ ಮೈದಾನಕ್ಕೆ. ಕ್ರಿಕೆಟ್ ಆಡುವ ಹುಡುಗರ ಚೆಂಡು ಆ ಕಡೆ ಬಂದರೆ ಕಾಲಿನಿಂದ ಒದ್ದು ಕಳಿಸುತ್ತಾಳೆ, ಕೈ ಬಿಡುವುದಿಲ್ಲ.

ಅವಳದು ಒಂದೇ ಹಟ. ಆ ಮೈದಾನದ ಹುಡುಗಿ ತಿಂಗಳ ಯಾವ ದಿನವೂ ನಾಚಿಕೆಗೋ ಹೆದರಿಕೆಗೋ ಮೂಲೆ ಹಿಡಿಯಬಾರದು. ನೋವಿದ್ದರೆ ಕೂರಲಿ, ಮಲಗಲಿ, ಮನೆಗೆ ಹೋಗಲಿ. ಹೆದರಿ ಕೂರಬಾರದು. ಅದಕ್ಕಾಗಿ ತಂಡದ ಬಿಳಿ ಚಡ್ಡಿ ತೆಗೆಸಿ ಕಡು ನೀಲಿ ಮಾಡಿದಳು. ಒಳಗೆ ಮೈಗಂಟುವ ಕರಿ ಟೈಟ್ಸ್, ಮೇಲೆ ಸಡಿಲ ಚಡ್ಡಿ; ಬಿದ್ದರೂ ಹೊರಳಿದರೂ ಪ್ಯಾಡ್ ಜರುಗುವುದಿಲ್ಲ. ಬೇವಿನ ಮರದ ಟೊಂಗೆಗೆ ಒಂದು ಬಿಸ್ಕೀಟಿನ ಡಬ್ಬಿ ತೂಗಿಸಿದಳು. ಅದರಲ್ಲಿ ಪ್ಯಾಡು, ಸುತ್ತಿ ಎಸೆಯಲು ಹಳೆ ಪೇಪರು, ಒಂದು ತುಂಡು ಸಾಬೂನು. ಯಾರನ್ನೂ ಕೇಳಬೇಕಾಗಿಲ್ಲ, ಕೈ ಹಾಕಿ ತೆಗೆದುಕೊಂಡರಾಯಿತು. ಹೊಟ್ಟೆ ಹಿಡಿದುಕೊಂಡು ಬಂದವಳಿಗೆ ಮೊದಲು ನಿಧಾನ ಓಟ, ಆಮೇಲೆ ಬೆಲ್ಲ-ಶೇಂಗಾ. ಎಷ್ಟೋ ಸಲ ಓಡಿದರೆ ನೋವು ಸಡಿಲಾಗುತ್ತದೆ. ಆಗದಿದ್ದರೆ ರಿಕ್ಷಾ ಹತ್ತಿಸಿ ಕಳಿಸುತ್ತಾಳೆ, ಬೈಯುವುದಿಲ್ಲ. ಕಾಲು ಉಳುಕಿದರೆ ಹೇಳುತ್ತೀರಲ್ಲ, ಇದನ್ನೂ ಹಾಗೇ ಹೇಳಿ ಎಂದು ಹೊಸದಾಗಿ ಬಂದವರಿಗೆಲ್ಲ ಮರಾಠಿಯಲ್ಲಿ ಒಂದು ಸಲ ಹೇಳುತ್ತಾಳೆ. ಎರಡನೇ ಸಲ ಹೇಳುವುದಿಲ್ಲ.

ಇಷ್ಟೆಲ್ಲ ಮಾಡುವವಳು ತಾನು ಮಾತ್ರ ಆ ಮೈದಾನದ ಕಂಬ ಮುಟ್ಟುತ್ತಿರಲಿಲ್ಲ.

ಖೋ-ಖೋ ನೋಡದವರಿಗೆ ಕಂಬದ ಮಾತು ಹೇಳಬೇಕು. ಅಂಕಣದ ಎರಡು ತುದಿಗೆ ಎರಡು ಮರದ ಕಂಬ. ನಡುವೆ ಸಾಲಾಗಿ ಕುಳಿತ ಹುಡುಗಿಯರು. ಬೆನ್ನಟ್ಟುವವಳು ಆ ಸಾಲನ್ನು ದಾಟಿ ಆಚೆ ಹೋಗುವಂತಿಲ್ಲ. ಕಂಬದ ತನಕ ಓಡಿ, ಅದನ್ನು ಸುತ್ತಿಕೊಂಡೇ ಆಚೆ ಬದಿಗೆ ಬರಬೇಕು. ಒಂದು ಕೈಯಲ್ಲಿ ಕಂಬ ಹಿಡಿದು ಸರ್ರನೆ ತಿರುಗುವವಳಿಗೆ ಎದುರಾಳಿ ಸಿಗುತ್ತಾಳೆ. ಇನ್ನೂ ಗಟ್ಟಿಯವಳಾದರೆ ಕಂಬ ಹಿಡಿದೇ ನೆಲಕ್ಕೆ ಹಾರಿ, ಮೈ ಚಾಚಿ, ಆಚೆ ನಿಂತವಳ ಕಾಲು ಮುಟ್ಟುತ್ತಾಳೆ. ಕಂಬ ಹಿಡಿಯದೆ ಅಗಲಕ್ಕೆ ಸುತ್ತುವವಳಿಗೆ ಏದುಸಿರೊಂದನ್ನು ಬಿಟ್ಟು ಬೇರೇನೂ ಸಿಗುವುದಿಲ್ಲ.

ವೇದವತಿ ಹುಡುಗಿಯಾಗಿದ್ದಾಗ ಕಂಬದ ಆಟಗಾರ್ತಿ. ಅಪ್ಪ ಮರಿಯಪ್ಪ ಗದಗ ಕಡೆಯವನು, ಮದ್ದುಗುಂಡು ಫ್ಯಾಕ್ಟರಿಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿ ನಾಗಪುರಕ್ಕೆ ಬಂದ. ತಾಯಿ ಕಾಶಿಬಾಯಿ. ಕ್ವಾರ್ಟರ್ಸಿನ ಹುಡುಗಿಯರ ತಂಡ ಇದೇ ಲಕ್ಷ್ಮೀ ನಗರದ ಮೈದಾನದಲ್ಲಿ ಆಡುತ್ತಿತ್ತು. ಕಲಿಸುತ್ತಿದ್ದವನು ಗುಂಡಪ್ಪ ಮಾಸ್ತರ, ಬೆಳಗಾವಿ ಕಡೆಯಿಂದ ಬಂದ ಗುಮಾಸ್ತ, ಹಿಂದೊಮ್ಮೆ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವನು. ಪಂದ್ಯಕ್ಕೆ ಮುಂಚೆ ಅವನು ಎರಡೂ ಕಂಬಗಳಿಗೆ ಕುಂಕುಮ ಹಚ್ಚಿ, ಬುಡದಲ್ಲಿ ಕಾಯಿ ಒಡೆಯುತ್ತಿದ್ದ. ಕಂಬದಲ್ಲಿ ಮಾರುತಿ ಇದ್ದಾನೆ ಎನ್ನುತ್ತಿದ್ದ. ಮಾರುತಿ ಇದ್ದ ಮೇಲೆ ನೇಮವೂ ಬಂತು. ಮುಟ್ಟಾದ ಹುಡುಗಿ ಓಡಬಹುದು, ಸಾಲಿನಲ್ಲಿ ಕೂರಬಹುದು, ಕಂಬಕ್ಕೆ ಕೈ ಹಚ್ಚುವಂತಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ದೊಡ್ಡ ಹುಡುಗಿಯರನ್ನು ನೋಡಿ ಸಣ್ಣವರು ಕಲಿತದ್ದು. ಯಾವಳು ಕಂಬ ತಪ್ಪಿಸಿ ಸುತ್ತಿ ಬರುತ್ತಾಳೆ ಎಂದು ಬೇಲಿ ಮೇಲೆ ಕುಳಿತ ಪಡ್ಡೆ ಹುಡುಗರು ಎಣಿಸುತ್ತಿದ್ದರು. ದೇವರ ನೇಮ ಎಂದು ಕರೆದದ್ದು ಕೊನೆಗೆ ಊರಿಗೆಲ್ಲ ಡಂಗುರವಾಗಿತ್ತು.

ಅವಳಿಗೆ ಹದಿನಾರಿದ್ದಾಗ ಜಿಲ್ಲಾ ಫೈನಲ್. ರೈಲ್ವೆಯ ಒಬ್ಬ ಸಾಹೇಬ ಹುಡುಗಿಯರನ್ನು ಆರಿಸಲು ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಆಟದ ಮೇಲೆ ನೌಕರಿ ಸಿಗುವ ಕಾಲ. ಅಂದು ಬೆಳಿಗ್ಗೆ ವೇದವತಿ ಮುಟ್ಟಾದಳು. ಮನೆಯಲ್ಲಿ ಯಾರಿಗೂ ಹೇಳದೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಪಿನ್ನು ಹಾಕಿಕೊಂಡು ಮೈದಾನಕ್ಕೆ ಬಂದಳು. ಕಂಬ ಹಿಡಿದಳು. ಹಿಡಿದದ್ದಷ್ಟೇ ಅಲ್ಲ, ಹಾರಿ ಹಾರಿ ಹಿಡಿದಳು. ಸಾಹೇಬ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಅವಳ ಹೆಸರು ಕೇಳಿದ.

ಆ ಹೊತ್ತಿಗೆ ಕಾಶಿಬಾಯಿ ಬಚ್ಚಲಲ್ಲಿ ನೆನೆಹಾಕಿದ ಬಟ್ಟೆ ನೋಡಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತ ಮೈದಾನಕ್ಕೆ ಬಂದಳು. ಮಗಳ ಮೇಲೆ ಸಿಟ್ಟಲ್ಲ ಅವಳಿಗೆ, ಹೆದರಿಕೆ. ಮಾರುತಿ ಕಾಲು ಮುರಿದರೆ ಏನು ಗತಿ ಎಂಬ ಹೆದರಿಕೆ. ಗುಂಡಪ್ಪನ ಕಿವಿಯ ಹತ್ತಿರ ಬಾಗಿದಳು.

"ಮಾಸ್ತರ್ರ, ಹುಡುಗಿಗೆ ಕಾಗಿ ಮುಟ್ಟೇತಿ. ಕಂಬಕ್ಕ ಕೈ ಹಚ್ಚ್ಯಾಳ. ಆಕೀನ ಈ ಕಡೆ ಕರೀರಿ, ನಿಮ್ಮ ಕಾಲು ಬೀಳ್ತೀನಿ."

ತಾಯಿ ಪಿಸುಗುಟ್ಟಿದ್ದನ್ನು ಗುಂಡಪ್ಪ ಊರಿಗೆ ಕೇಳಿಸಿದ. ಸೀಟಿ ಊದಿ ಆಟ ನಿಲ್ಲಿಸಿದ. ಬದಿಯ ಗೋಶಾಲೆಯಿಂದ ತಂಬಿಗೆಯಲ್ಲಿ ಗೋಮೂತ್ರ ತರಿಸಿದ. ಎರಡೂ ತಂಡ, ಬೇಲಿಯ ಹುಡುಗರು, ಕುರ್ಚಿಯ ಸಾಹೇಬ, ಎಲ್ಲರೂ ನೋಡುತ್ತಿರುವಂತೆ ಕಂಬವನ್ನು ಮೇಲಿನಿಂದ ಕೆಳತನಕ ತೊಳೆದ. ಮತ್ತೆ ಕುಂಕುಮ ಹಚ್ಚಿದ. ವೇದವತಿ ಗೆರೆಯ ಆಚೆ ನಿಂತಿದ್ದಳು. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ, ಬೆನ್ನ ಹಿಂದೆ ಕಟ್ಟಿಕೊಂಡಳು. ಯಾರೋ ಕಿಸಕ್ಕನೆ ನಕ್ಕರು. ಸಾಹೇಬ, ಏನಾಯಿತು ಎಂದು ಪಕ್ಕದವನನ್ನು ಕೇಳಿದ. ಉತ್ತರ ಕೇಳಿ ಗಡಿಯಾರ ನೋಡಿಕೊಂಡ.

ಅವಳಿಲ್ಲದೆ ಆಟ ಮುಂದುವರಿಯಿತು. ರೈಲ್ವೆ ನೌಕರಿ ಇನ್ನೊಬ್ಬಳಿಗೆ ಹೋಯಿತು. ಅಂದು ರಾತ್ರಿಯ ಊಟಕ್ಕೆ ಕಾಶಿಬಾಯಿ ತಟ್ಟೆಯನ್ನು ದೂರದಿಂದ ಕೋಲಿನಲ್ಲಿ ತಳ್ಳಿ, "ಉಣ್ಣವಾ" ಎಂದಳು. ತಾಯಿಮಗಳು ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ.

ಮರಿಯಪ್ಪ ನಿವೃತ್ತನಾದ ಮೇಲೆ ಮನೆಯವರೆಲ್ಲ ಗದಗಿಗೆ ಹೋದರು. ಅಲ್ಲಿ ಅವಳ ತಮ್ಮ ನಂದೀಶ ಅಂಗಡಿ ಹಾಕಿದ, ಮದುವೆಯಾದ, ಅಪ್ಪ ತೀರಿಕೊಂಡ ಮೇಲೆ ತಾಯಿಯನ್ನು ನೋಡಿಕೊಂಡಿದ್ದಾನೆ. ವೇದವತಿ ಹೋಗಲಿಲ್ಲ. ಒಂದು ಖಾಸಗಿ ಶಾಲೆಯಲ್ಲಿ ತಾಸಿನ ಲೆಕ್ಕದ ಪಿ.ಟಿ. ಟೀಚರ್ ಆದಳು. ನಾಗಪುರದ ಸದರ್ ಬಡಾವಣೆಯಲ್ಲಿ ಹಳೆ ಇಗರ್ಜಿಯ ಹಿಂದೆ ಒಂದು ಕೋಣೆ ಹಿಡಿದಳು. ಬೆಳಿಗ್ಗೆ ಗಾಡಿಯ ಹತ್ತಿರ ನಿಂತು ತರ್ರಿ ಎಂಬ ಖಾರದ ಸಾರು ಸುರಿದ ಅವಲಕ್ಕಿ ತಿನ್ನುತ್ತಾಳೆ, ರಾತ್ರಿ ಒಂದು ಪಾವು ಅನ್ನ ಇಟ್ಟುಕೊಳ್ಳುತ್ತಾಳೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಉತ್ತರ ಕೊಟ್ಟದ್ದಿಲ್ಲ. ಹಗಲಿಡೀ ಮರಾಠಿ, ಹಿಂದಿ. ಕನ್ನಡ ಅವಳ ಬಾಯಿಗೆ ಬರುವುದು ಗ್ಯಾಸ್ ಸಿಲಿಂಡರ್ ಮುಗಿದಾಗ, ಅದಕ್ಕೆ ಬೈಯಲು.

ನನಗೆ ಅವಳ ಪರಿಚಯವಾದದ್ದು ಡಿಸೆಂಬರಿನ ಒಂದು ಮೋರ್ಚಾದಲ್ಲಿ; ಅದನ್ನು ಸಂಘಟಿಸಿದವರಲ್ಲಿ ನಾನೂ ಇದ್ದೆ. ಚಳಿಗಾಲದ ಅಧಿವೇಶನಕ್ಕೆ ಮಹಾರಾಷ್ಟ್ರ ಸರ್ಕಾರ ನಾಗಪುರಕ್ಕೆ ಬಂದಾಗ ಇಡೀ ರಾಜ್ಯದ ಸಂಕಟ ಇಲ್ಲಿನ ರಸ್ತೆಗಿಳಿಯುತ್ತದೆ. ತಾಸಿನ ಸಂಬಳದ ಟೀಚರುಗಳ ಸಾಲಿನಲ್ಲಿದ್ದ ಹೆಂಗಸೊಬ್ಬಳು, ನನ್ನ ಕನ್ನಡ ಕಿವಿಗೆ ಬಿದ್ದದ್ದೇ ತಡ, ಹತ್ತಿರ ಬಂದು, "ಘೋಷಣಾ ಆಮ್ಯಾಲ ಕೂಗೂಣು. ಬೆಳಿಗ್ಗಿಂದ ಕುಂತೀವಿ, ಹೆಣ್ಮಕ್ಕಳು ಎಲ್ಲಿಗೆ ಹೋಗಬೇಕು ಅದನ್ನ ಹೇಳ್ರಿ ಮೊದಲ" ಎಂದಳು. ನಮ್ಮ ಬೇಡಿಕೆಗಳ ಉದ್ದ ಪಟ್ಟಿಯಲ್ಲಿ ಅದಿರಲಿಲ್ಲ.

ಮೈದಾನಕ್ಕೆ ಅವಳು ಎಲ್ಲರಿಗಿಂತ ಮೊದಲು ಬರುತ್ತಾಳೆ. ಒಬ್ಬಳೇ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾಳೆ. ಗುಂಡಪ್ಪ ಸತ್ತು ಎಷ್ಟೋ ವರ್ಷವಾಯಿತು, ಕಾಯಿ ಒಡೆಯುವುದನ್ನು ಅವಳೇ ನಿಲ್ಲಿಸಿದಳು. ಕಂಬಗಳು ಅವೇ, ಬಣ್ಣ ಬಳಿದು ಬಳಿದು ದಪ್ಪಗಾಗಿವೆ. ಕಂಬದ ಬುಡಕ್ಕೆ ಗೆರೆ ಬಂದಾಗ ಅವಳ ಕೈ ಒಂದು ಮೊಳ ದೂರದಲ್ಲೇ ತಿರುಗುತ್ತದೆ. ಹುಡುಗಿಯರಿಗೆ ಕಂಬದಾಟ ಕಲಿಸಲು ಬದಿಯಲ್ಲಿ ಒಂದು ಬಿದಿರಿನ ಗಳ ಹೂತಿದ್ದಾಳೆ. "ಇದನ್ನೇ ಕಂಬ ಅಂತ ತಿಳೀರಿ" ಎಂದು ಅದನ್ನು ಹಿಡಿದು ತಿರುಗಿ ತೋರಿಸುತ್ತಾಳೆ. ಇಪ್ಪತ್ತು ಹೆಜ್ಜೆ ಆಚೆ ನಿಜವಾದ ಕಂಬ ಇರುವಾಗ ಗಳ ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ಕೇಳಿಲ್ಲ ಅಂದಮೇಲೆ ಗೊತ್ತಿಲ್ಲ ಎಂದುಕೊಂಡಿದ್ದಳು.

ಹೀಗಿರುವಾಗ ಲಾಸ್ಯ ಬಂದಳು. ಹದಿನೈದರ ಹುಡುಗಿ, ಬೆಂಗಳೂರಿನವಳು. ಅವಳ ಅಮ್ಮ ಶರ್ವಾಣಿ ಡಾಕ್ಟರು, ಇಲ್ಲಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಬಂದವರು. ಮೊದಲ ದಿನವೇ ಹುಡುಗಿ ಬೇವಿನ ಮರದ ಕೆಳಗೆ ನಿಂತು ಫೋನಿನಲ್ಲಿ ಪಿಸುಗುಡುತ್ತಿದ್ದಳು. "ಅಮ್ಮ, ಇಲ್ಲಿ ಟಾಯ್ಲೆಟ್‌ಗೆ ಡೋರೇ ಇಲ್ಲ. ಯಾವನೋ ಒಬ್ಬನ ಫೋಟೋ ನೇತು ಹಾಕಿದಾರೆ. ನಾನು ಬರ್ತೀನಿ ಮನೆಗೆ."

ಸುಣ್ಣದ ಬುಟ್ಟಿ ಹಿಡಿದ ವೇದವತಿ ಅಲ್ಲೇ ನಿಂತುಬಿಟ್ಟಳು.

"ಕನ್ನಡದಾಕಿ ಏನ ನೀನು?"

"ಹ್ಞೂಂ ಮಿಸ್. ನೀವೂನಾ?"

"ಗದಗ. ಅಂದ್ರ ಹುಟ್ಟಿದ್ದು ಇಲ್ಲೇ. ಮನಿಗೆ ಹೊಂಟೀ?"

"ಡೋರ್ ಇಲ್ವಲ್ಲ ಮಿಸ್."

"ನಾ ಅದೀನಲ್ಲ. ನನಗಿಂತಾ ದೊಡ್ಡ ಬಾಗಲಾ ಬೇಕೇನ ನಿನಗ?"

ಹುಡುಗಿ ಅವಳ ಗಾತ್ರ ನೋಡಿ ನಕ್ಕಳು. ಅಂದು ಉಳಿದಳು, ಮರುದಿನ ಬಂದಳು. ಕಾಲು ಚುರುಕು, ಕೈ ಉದ್ದ. ಬಿದಿರಿನ ಗಳ ಹಿಡಿದು ತಿರುಗಿದ ರೀತಿ ನೋಡಿ ವೇದವತಿ, ಕಂಬದ ಆಟ ಅವಳಿಗೇ ಎಂದು ತೀರ್ಮಾನಿಸಿದಳು. ಆಟ ಮುಗಿದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಲಾಸ್ಯಳಿಗೆ ಇವಳ ಕನ್ನಡದಲ್ಲಿ ಅರ್ಧ ತಿಳಿಯುತ್ತಿರಲಿಲ್ಲ. "ಬರೋಬರ್ ಅಂದ್ರೆ ಮರಾಠಿ ಅಲ್ವಾ ಮಿಸ್?" ಎಂದರೆ, "ನಮ್ಮ ಕಡೆ ಅದೂ ಕನ್ನಡನ. ನೀ ಸುಮ್ನ ತಿನ್ನು" ಎನ್ನುತ್ತಿದ್ದಳು. ಎಂಟು ಗಂಟೆಗೆ ಕಾರು ಬಂದು ಹುಡುಗಿಯನ್ನು ಕರೆದುಕೊಂಡು ಹೋಗುತ್ತಿತ್ತು. ವೇದವತಿ ಸಿಪ್ಪೆ ಬಳಿದುಕೊಂಡು, ಸ್ಕೂಟರ್ ಒದ್ದು, ಸದರ್ ಕಡೆ ಹೊರಡುತ್ತಿದ್ದಳು.

ಜಿಲ್ಲಾ ಪಂದ್ಯ ಜನವರಿಯಲ್ಲಿ, ಇದೇ ಮೈದಾನದಲ್ಲಿ. ಎದುರಿಗೆ ಪಕ್ಕದ ಊರು ಕಾಮಠಿಯ ತಂಡ. ಅದರ ಕೋಚ್ ಬೇಬಿ, ಹಿಂದೆ ವೇದವತಿಯ ಜೊತೆ ಕ್ವಾರ್ಟರ್ಸಿನ ತಂಡದಲ್ಲಿ ಆಡಿದವಳು. ಈಗ ಗುಂಡಗಾಗಿದ್ದಾಳೆ, ಬಾಯಿ ಮಾತ್ರ ಅಂದಿನದೇ. ಪುಢಾರಿ ಮುಖ್ಯ ಅತಿಥಿ. ಬಹುಮಾನದ ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದ.

ಮೊದಲ ಸರದಿಯಲ್ಲಿ ಬೆನ್ನಟ್ಟುವವರು ವೇದವತಿಯ ಹುಡುಗಿಯರು. ಲಾಸ್ಯ ಎದ್ದಳು, ಓಡಿದಳು, ಕಂಬದ ಹತ್ತಿರ ಬಂದಳು. ಕೈ ಮುಂದಕ್ಕೆ ಬಂದದ್ದು ಹಿಂದಕ್ಕೆ ಹೋಯಿತು. ಕಂಬ ಬಿಟ್ಟು ಅಗಲಕ್ಕೆ ಸುತ್ತಿದಳು. ಎದುರಾಳಿ ಹುಡುಗಿ ಆಚೆ ಬದಿಗೆ ಹಾರಿ ಆರಾಮಾಗಿ ನಿಂತಳು. ಕಾಲು ಜಾರಿತೇನೋ ಎಂದುಕೊಂಡಳು ವೇದವತಿ. ಎರಡನೇ ಸಲವೂ ಅದೇ. ಮೂರನೇ ಸಲಕ್ಕೆ ಬೇಬಿ ಗೆರೆಯ ಹತ್ತಿರ ಎದ್ದು ನಿಂತಳು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಖಾಂಬಾಕಡೇ ಪಳಾ ಗ ಪೋರಿಂನೋ" ಎಂದು ತನ್ನ ಹುಡುಗಿಯರಿಗೆ ಕೂಗಿದಳು. ಕಂಬದ ಕಡೆ ಓಡಿ.

ಅಲ್ಲಿಂದ ಕಾಮಠಿಯ ಹುಡುಗಿಯರು ಕಂಬ ಬಿಟ್ಟು ಕದಲಲಿಲ್ಲ. ಲಾಸ್ಯ ಬಂದಾಗೆಲ್ಲ ಕಂಬದ ಆಚೆ ನಿಂತು ಕಣ್ಣು ಮಿಟುಕಿಸಿದರು. ಬೆನ್ನಟ್ಟಲು ಅವರ ಸರದಿ ಬಂದಾಗ ಅಂಕ ಬಾಚಿಕೊಂಡರು. ವಿರಾಮದ ಹೊತ್ತಿಗೆ ವೇದವತಿಯ ತಂಡ ಸೋತ ಹಾಗೆಯೇ.

ಲಾಸ್ಯ ಡಬ್ಬಿಯಿಂದ ಪ್ಯಾಡ್ ತೆಗೆದುಕೊಂಡು ಫ್ಲೆಕ್ಸಿನ ಹಿಂದೆ ಹೋದಳು. ವೇದವತಿ ಅಂಚು ಹಿಡಿದು ನಿಂತಳು. ಬೆನ್ನ ಹಿಂದಿನ ಹುಡುಗಿಗೆ, ಮುಖ ತಿರುಗಿಸದೆ ಕೇಳಿದಳು.

"ಹೊಟ್ಟಿನೋವೇನ?"

"ಇಲ್ಲ ಮಿಸ್."

"ಪ್ಯಾಡ್ ಸರೀತೇನ?"

"ಇಲ್ಲ. ಟೈಟ್ಸ್ ಇದೆಯಲ್ಲ."

"ಮತ್ತ ಕಂಬಕ್ಕ ಯಾಕ ಕೈ ಹಚ್ಚವಲ್ಲಿ? ಏನ ಧಾಡಿ ನಿನಗ?"

ಒಳಗೆ ನಲ್ಲಿಯ ಸದ್ದು. ಆಮೇಲೆ ಹುಡುಗಿ ಮೆಲ್ಲಗೆ ಹೇಳಿದಳು. "ನೀವೇ ಮುಟ್ಟಲ್ವಲ್ಲ ಮಿಸ್."

ಗಾಳಿಗೆ ಎದ್ದ ಫ್ಲೆಕ್ಸಿನ ಅಂಚನ್ನು ವೇದವತಿ ಎಳೆದು ಹಿಡಿದಳು.

"ಎಲ್ರಿಗೂ ಗೊತ್ತು. ಸೀನಿಯರ್ಸ್ ನಾನು ಸೇರಿದಾಗ್ಲೇ ಹೇಳಿದ್ರು. ಬೇರೆ ಎಲ್ಲಾದ್ರಲ್ಲೂ ಮಿಸ್ ಫ್ರೀ, ಆದ್ರೆ ಕಂಬದಲ್ಲಿ ಮಾರುತಿ ಇದಾನಂತೆ, ಅದೊಂದು ಮಾತ್ರ ಅವರ ವ್ರತ, ಅದನ್ನ ಮುರೀಬಾರ್ದು ಅಂತ. ಅದಕ್ಕೆ ಡೇಟ್ ಇದ್ದಾಗ ನಾವ್ಯಾರೂ ಮುಟ್ಟಲ್ಲ. ಪ್ರಾಕ್ಟೀಸ್‌ನಲ್ಲಿ ಆ ದಿನ ಕಂಬದ ಆಟ ಬೇರೆಯವರಿಗೆ ಬಿಟ್ಕೊಡ್ತೀವಿ. ಇವತ್ತು ಬಿಟ್ಕೊಡೋಕೆ ಆಗ್ಲಿಲ್ಲ, ಅಷ್ಟೆ. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ನಿಮ್ಮ ಹತ್ರ ಹೇಳಿರಲಿಲ್ಲ."

ಗುಂಡಪ್ಪ ಗೋಮೂತ್ರ ಸುರಿದು ಮಾಡಲಾಗದ್ದನ್ನು ವೇದವತಿ ಬಾಯಿ ಮುಚ್ಚಿಕೊಂಡು ಮಾಡಿದ್ದಳು. ಅವಳ ಗಾಯವನ್ನು ಹುಡುಗಿಯರು ವ್ರತ ಎಂದುಕೊಂಡು, ಗೌರವಕ್ಕೆ ಪಾಲಿಸಿದ್ದರು.

"ವ್ರತ ಅಲ್ಲ ಲಾಸ್ಯ" ಎಂದಳು. "ಒಂದ್ ಸಲ ಹಿಡಿದಿದ್ದೆ. ಎಲ್ಲಾರ ಮುಂದ ತೊಳದ್ರು. ಅವತ್ತಿಂದ ಕೈ ಹೋಗವಲ್ದು. ನನಗ ಈಗ ಮುಟ್ಟ ನಿಲ್ಲೋ ವಯಸ್ಸು. ನಾಕ್ ತಿಂಗಳಾತು ಬಂದಿಲ್ಲ. ಅದು ನಿಂತ್ರೂ ಇದು ನಿಂತಿಲ್ಲ ನೋಡು."

ಹುಡುಗಿ ಹೊರಗೆ ಬಂದು ಅವಳ ಮುಖ ನೋಡಿದಳು. ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡಳು.

ವೇದವತಿ ಫ್ಲೆಕ್ಸಿನ ಅಂಚು ಬಿಟ್ಟಳು. ಚಪ್ಪಲಿ ಕಳಚಿ ಅಂಕಣದೊಳಕ್ಕೆ ನಡೆದಳು. ವಿರಾಮ ಇನ್ನೂ ಮುಗಿದಿರಲಿಲ್ಲ. ಜನ ಶೇಂಗಾ ತಿನ್ನುತ್ತ, ಮೊಬೈಲ್ ನೋಡುತ್ತ ಕೂತಿದ್ದರು. ಅಂಕಣದ ನಡುವಿನಿಂದ ಓಡಲು ಶುರು ಮಾಡಿದಳು. ಟ್ರ್ಯಾಕ್ ಪ್ಯಾಂಟಿನ ದಪ್ಪ ಹೆಂಗಸು ಒಬ್ಬಳೇ ಓಡುವುದನ್ನು ನೋಡಿ ಬೇಲಿಯ ಹತ್ತಿರ ಸೀಟಿ ಬಿತ್ತು. ಕಂಬದ ಹತ್ತಿರ ಅವಳ ಎಡಗೈ ಎದ್ದಿತು. ಒಂದು ಗಳಿಗೆ ನಿಂತಂತೆ ಕಂಡಿತು. ಆಮೇಲೆ ಹಿಡಿಯಿತು. ಹಿಡಿದು, ಮೈ ತೂಗಿ, ನೆಲಕ್ಕೆ ಹಾರಿದಳು.

ಹಾರಿದ್ದು ಚೆಂದವೇನೂ ಇರಲಿಲ್ಲ. ಗದ್ದ ನೆಲಕ್ಕೆ ಉಜ್ಜಿ ಚರ್ಮ ಹೋಯಿತು. ಕೆಲವರು ಚಪ್ಪಾಳೆ ತಟ್ಟಿದರು, ಹೆಚ್ಚಿನವರು ನಕ್ಕರು. ಎದ್ದು ಕೂತು ಬಾಯಿಯ ಮಣ್ಣು ಉಗಿದಳು. ಕೈ ಇನ್ನೂ ಕಂಬದ ಮೇಲೇ ಇತ್ತು.

"ಅಗ ವೇದೇ, ವಯಾಚಂ ತರೀ ಭಾನ ಠೇವ" ಎಂದಳು ಬೇಬಿ. ವಯಸ್ಸಿನದಾದರೂ ಪರಿವೆ ಇರಲಿ ಮಾರಾಯ್ತಿ. ಆದರೆ ನಗಲಿಲ್ಲ. ಅವಳೂ ಆ ದಿನ ಆ ತಂಡದಲ್ಲಿದ್ದವಳು.

ವೇದವತಿ ತನ್ನ ಹುಡುಗಿಯರ ಕಡೆ ತಿರುಗಿದಳು. ಮರಾಠಿಯಲ್ಲಿ ಹೇಳಿದ್ದು ಇಷ್ಟು. ನಾನು ಇದನ್ನು ಮುಟ್ಟದೆ ಇದ್ದದ್ದು ಹೆದರಿಕೆಗೆ. ಭಕ್ತಿಗಲ್ಲ. ನಿಮ್ಮ ಹತ್ತಿರ ಹೇಳದೆ ಇದ್ದದ್ದು ನನ್ನ ತಪ್ಪು. ಈಗ ಆಡಿ.

ಎರಡನೇ ಸರದಿಯಲ್ಲಿ ಕಾಮಠಿಯ ಹುಡುಗಿಯರು ಹಳೆ ಲೆಕ್ಕದಲ್ಲೇ ಕಂಬದ ಕಡೆ ಓಡಿದರು. ಲಾಸ್ಯ ಕ್ಷಣ ಅಳುಕಿದಳು, ಆಮೇಲೆ ಕಂಬ ಹಿಡಿದು ಹಾರಿದಳು. ಕಣ್ಣು ಮಿಟುಕಿಸಿದವಳ ಕಾಲೇ ಕೈಗೆ ಸಿಕ್ಕಿತು. ಮತ್ತೊಬ್ಬಳು ಸಿಕ್ಕಳು. ಬೇಬಿ ತನ್ನ ಹುಡುಗಿಯರನ್ನು ಕಂಬದಿಂದ ದೂರ ಕರೆಯುವಷ್ಟರಲ್ಲಿ ಮತ್ತೂ ಒಬ್ಬಳು. ಅಂತರ ಕರಗುತ್ತ ಬಂತು, ಪೂರಾ ಕರಗಲಿಲ್ಲ. ಎರಡು ಅಂಕದಿಂದ ಸೋತರು. ಮೊದಲ ಸರದಿಯಲ್ಲಿ ಲಾಸ್ಯ ಕಂಬ ಹಿಡಿದಿದ್ದರೆ ಗೆಲ್ಲುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು.

ಬಹುಮಾನಕ್ಕೆ ಬಂದ ಪುಢಾರಿ ಹಾರ ಹಾಕಿಸಿಕೊಂಡ, ಭಾಷಣ ಮಾಡಿದ, ಇಳಿದು ಹೋಗುವಾಗ ಮೂಲೆಯಲ್ಲಿ ತನ್ನನ್ನೇ ಕಂಡ. ಕಾಮಠಿಯ ಹುಡುಗಿಯೊಬ್ಬಳು ಅವನ ಮುಖವನ್ನು ಸರಿಸಿ ಹೊರಗೆ ಬರುತ್ತಿದ್ದಳು.

"ಇದು ಯಾರ ಕೆಲಸ?"

"ನಂದ್ರೀ ಸಾಹೇಬ್ರ" ಎಂದಳು ವೇದವತಿ, ಗದ್ದಕ್ಕೆ ಕರವಸ್ತ್ರ ಒತ್ತಿಕೊಂಡು, ಮರಾಠಿಯಲ್ಲಿ.

"ನನ್ನ ಮಾನ ಕಳೀತೀರೇನು?"

"ಇಲ್ರೀ. ಹುಡುಗ್ಯಾರ ಮಾನ ಕಾಯಾಕತ್ತೀರಿ. ಬಾಗಲಾ ಹಾಕಸ್ರಿ, ನಿಮ್ಮನ್ನ ಬಿಡತೀವಿ."

ಸುತ್ತಲಿನ ಹುಡುಗಿಯರು ನಗು ಮುಚ್ಚಲು ಸೆರಗಿಲ್ಲದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಪುಢಾರಿ ಕಾರು ಹತ್ತಿದ.

ಹೋಗುವ ಮುಂಚೆ ಬೇಬಿ ಬಂದು ವೇದವತಿಯ ಗದ್ದ ಹಿಡಿದು ತಿರುಗಿಸಿ ನೋಡಿ, ಅರಿಶಿನ ಹಚ್ಚಿಕೋ ಎಂದು ಹೇಳಿ ಟೆಂಪೋ ಹತ್ತಿದಳು. ಲಾಸ್ಯಳ ಕಾರು ಬಂತು. ಮೈದಾನ ಖಾಲಿಯಾಯಿತು. ವೇದವತಿ ಸದರ್‌ಗೆ ಬಂದು, ಕೋಣೆಯ ದೀಪ ಹಾಕಿ, ಗದಗಿಗೆ ಫೋನ್ ಮಾಡಿದಳು. ಹಬ್ಬಹುಣ್ಣಿಮೆಗೆ ಬಿಟ್ಟರೆ ಮಾಡುವವಳಲ್ಲ.

"ಗೆದ್ರೇನ?" ಎಂದಳು ಕಾಶಿಬಾಯಿ.

"ಸೋತ್ವಿ."

"ಮತ್ಯಾಕ ಮಾಡ್ದಿ? ಆರಾಮ ಅದೀ ಹೌದಿಲ್ಲೋ?"

"ಅವ್ವಾ, ಇವತ್ತ ಕಂಬ ಹಿಡಿದೆ."

ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಸಣ್ಣದು ಮಾಡಿದರು.

"ಊಟ ಆತೇನ?" ಎಂದಳು ಕಾಶಿಬಾಯಿ.

"ಇನ್ನೂ ಇಲ್ಲ."

"ಉಣ್ಣವಾ."

ಅಷ್ಟೇ ಮಾತು. ಕ್ಷಮೆಯೂ ಇಲ್ಲ, ಕಣ್ಣೀರೂ ಇಲ್ಲ. ಇವಳು ಅನ್ನಕ್ಕೆ ಇಟ್ಟಳು, ಕುಕ್ಕರ್ ಕೂಗುವ ತನಕ ಬಾಗಿಲಿಗೆ ಒರಗಿ ನಿಂತಳು. ಇಷ್ಟನ್ನು ಅವಳೇ ನನಗೆ ಹೇಳಿದ್ದು, ಅದೂ ನಾನು ಕೇಳಿದ್ದಕ್ಕೆ.

ಮರುದಿನ ಪುಢಾರಿಯ ಆಳುಗಳು ಬಂದು ಫ್ಲೆಕ್ಸ್ ಕಿತ್ತುಕೊಂಡು ಹೋದರು. ಅದಕ್ಕೆ ಒಂದು ದಿನವೂ ತಡವಾಗಲಿಲ್ಲ. ಬಾಗಿಲು ಇನ್ನೂ ಬಂದಿಲ್ಲ. ಮೈದಾನದಲ್ಲಿ ಏನೇನೋ ಮಾತಾಡುತ್ತಾರೆ ಎಂದು ಇಬ್ಬರು ತಾಯಂದಿರು ತಮ್ಮ ಹುಡುಗಿಯರನ್ನು ಬಿಡಿಸಿದರು. ಉಳಿದವರು ಆಡುತ್ತಿದ್ದಾರೆ, ಯಾವ ದಿನವಾದರೂ ಕಂಬ ಹಿಡಿಯುತ್ತಾರೆ, ಬೇಲಿಯ ಮೇಲಿನ ಪಡ್ಡೆಗಳಿಗೆ ಎಣಿಸಲು ಏನೂ ಉಳಿದಿಲ್ಲ. ಬಿದಿರಿನ ಗಳವನ್ನು ವೇದವತಿ ಕಿತ್ತು ಒಗೆದಳು. ಲಾಸ್ಯಳ ಅಮ್ಮನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ, ಹುಡುಗಿ ಜೂನ್‌ನಲ್ಲಿ ಹೊರಟುಹೋದಳು. ಕಟ್ಟೆಯ ಮೇಲೆ ವೇದವತಿ ಒಬ್ಬಳೇ ಕಿತ್ತಳೆ ಸುಲಿಯುತ್ತಾಳೆ. ಕನ್ನಡ ಮತ್ತೆ ಸಿಲಿಂಡರಿನ ಪಾಲಾಗಿದೆ.

ಫ್ಲೆಕ್ಸ್ ಇದ್ದ ಜಾಗದಲ್ಲಿ ಈಗ ಅವಳ ಹಾಸಿಗೆಯ ಚಾದರ. ಅದನ್ನು ಎರಡು ಕೈಯಲ್ಲಿ ಚಾಚಿ ಹಿಡಿದು, ಬೆನ್ನು ಒಳಗೆ ಮಾಡಿ, ಅವಳೇ ನಿಲ್ಲುತ್ತಾಳೆ. ಅವಳಿಗೆ ವಯಸ್ಸಾಗುತ್ತಿದೆ, ತೋಳು ನೋಯುತ್ತದೆ.

ಓದಿ ಮರುಗುವುದು ಬೇಡ, ಅದರಿಂದ ಅವಳ ತೋಳಿನ ನೋವು ಇಳಿಯುವುದಿಲ್ಲ. ನಾಳೆ ಸಂಜೆ ನಿಮ್ಮೂರಿನ ಹುಡುಗಿಯರು ಆಡುವ ಮೈದಾನಕ್ಕೆ ಹೋಗಿ. ಅಲ್ಲಿನ ಸಂಡಾಸಿನೊಳಗೆ ನೀವೇ ಹೋಗಿ ನಿಂತು, ಬಾಗಿಲು ಮುಚ್ಚಿ, ಚಿಲಕ ಹಾಕಿ ನೋಡಿ. ಚಿಲಕ ಬೀಳದಿದ್ದರೆ, ಬೀಳುವಂತೆ ಮಾಡಿಸುವ ತನಕ ಮನೆಗೆ ಹೋಗಬೇಡಿ.